ತಾರೀಖು ಕೇಳುವ ಕಂಪ್ಯೂಟರ್

ಹುಕ್ಕೇರಿ ಕಡೆಯ ಒಂದು ಕುರಿ ದವಾಖಾನೆಯ ಹಳೇ ಕಂಪ್ಯೂಟರಿನಿಂದ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಗೋಕಾಕದಿಂದ ಹೋಗಿದ್ದೆ. ಹಳೆಯದರ ಒಳಗಿನ ಗಡಿಯಾರ ನಡೆಸುವ ಸೆಲ್ ಸತ್ತು ಎಷ್ಟೋ ಕಾಲವಾಗಿತ್ತು. ದಿನಾ ಬೆಳಗ್ಗೆ ಅದು ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಗುಮಾಸ್ತ ಬಸಪ್ಪ ಕಾಕಾ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಟೈಪ್ ಹೊಡೆಯುತ್ತಿದ್ದರು.

ಹೊಸ ಕಂಪ್ಯೂಟರ್ ಎಲ್ಲವನ್ನೂ ನುಂಗಿತು, ಒಂದು ಸಾಲನ್ನು ಬಿಟ್ಟು. ಕುರಿ ಮಾಲೀಕರ ದಾಖಲೆಯ ಪ್ರಕಾರ ಕುರಿ ಕಾಯುವ ಸಿದ್ದಪ್ಪ ಸೋಮವಾರ ತೀರಿಕೊಂಡು, ಮಂಗಳವಾರ ಕುರಿಗಳಿಗೆ ಲಸಿಕೆ ಹಾಕಿಸಿದ್ದ.

“ಅದು ನನ್ನ ತಪ್ಪರಿ,” ಅಂದರು ಕಾಕಾ. “ಅಂವ ಬಂದಿದ್ದು ಸೋಮವಾರ ಮುಂಜಾನಿ. ನಾ ಕ್ಯಾಲೆಂಡರಿನ್ಯಾಗ ಒಂದ್ ಮನಿ ಮುಂದ ನೋಡಿ ಮಂಗಳವಾರದ ತಾರೀಖು ಹೊಡದಿದ್ದೆ. ಅವತ್ತ ಸಂಜಿಗೆ ಅಂವ ತೀರಿಕೊಂಡ.”

“ಹಂಗಾದ್ರ ತಿದ್ದಿಬಿಡ್ತೀನ್ರಿ.”

ಕಾಕಾ ಕನ್ನಡಕ ತೆಗೆದು ಬಾಗಿಲ ಕಡೆ ನೋಡಿದರು. “ತಡೀರಿ. ಮಂಗಳವಾರ ನಾ ಬಾಗಲಾ ತಗಿಯಾಕ ಬಂದಾಗ ಅವನ ಕುರಿ ಅಷ್ಟೂ ಇಲ್ಲೇ ನಿಂತಿದ್ವು. ಹೊಡಕೊಂಡ ಬಂದವ್ರು ಯಾರೂ ಇರಲಿಲ್ಲ. ಒಂದೂ ಒದರಲಿಲ್ಲ. ನಡುವ ಒಬ್ಬ ಮನಷ್ಯಾ ನಿಲ್ಲುವಷ್ಟು ಜಾಗಾ ಬಿಟ್ಟಿದ್ವು. ಈಗ ನೀವ ಹೇಳ್ರಿ, ಆ ತಾರೀಖು ತಪ್ಪು ಅಂತ ಹ್ಯಾಂಗ ಅನ್ನೂದು?”

ನಾನು ತಿದ್ದಲಿಲ್ಲ. ಆ ಒಂದು ಸಾಲಿಗಾಗಿ ಹಳೆಯದನ್ನು ಮೂಲೆಯಲ್ಲೇ ಉಳಿಸಿ ಬಂದೆ. ಹೊಸದು ಬಲು ಜಾಣ. ತಾರೀಖನ್ನು ತಾನೇ ತಿಳಿದುಕೊಳ್ಳುತ್ತದೆ, ಯಾರನ್ನೂ ಕೇಳುವುದಿಲ್ಲ. ಇನ್ನು ಆ ಊರಿನಲ್ಲಿ ಯಾರಿಗೂ ಒಂದು ದಿನ ಹೆಚ್ಚಿಗೆ ಸಿಗಲಾರದು.