ಗೊರೇಬಾಳದ ಮೂವತ್ತೆರಡು ಜೋಂಬಿಗಳು

ಜುಲೈ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಪಕ್ಕ, ಮುಚ್ಚಿ ಬಹಳ ವರ್ಷವಾದ ಒಂದು ಹತ್ತಿ ಮಿಲ್ಲಿನ ಅಂಗಳ. ಹಾಜರಿದ್ದವರು ನಾನು, ನನ್ನ ಅಣ್ಣನ ಮಗಳು, ಗೊರೇಬಾಳದಿಂದ ಟ್ರ್ಯಾಕ್ಟರಿನಲ್ಲಿ ಬಂದ ಮೂವತ್ತೆರಡು ಹೆಣ್ಣುಮಕ್ಕಳು, ಮತ್ತು ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ ಒಬ್ಬ ಹಿರಿಯರು. ಆರೂವರೆಗೆ ಬರಬೇಕೆಂದು ಹೇಳಿದ್ದೆ. ಹತ್ತು ನಿಮಿಷ ತಡವಾಗಿತ್ತು. ಹೇಳಬೇಕಾದದ್ದನ್ನು ಹೇಳಿದೆ, ಅವರು ನಕ್ಕರು.

ನಾನು ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಸೇವೆಯ ಅರ್ಧದಷ್ಟು ಕಾಲ ಗೊರೇಬಾಳದ ಶಾಲೆಯಲ್ಲೇ ಕಳೆಯಿತು. ಆ ದಿನ ಬಂದವರಲ್ಲಿ ಬಹಳ ಜನ ನನ್ನ ಸೀಟಿಯ ಸದ್ದಿಗೆ ಎಡ ಬಲ ಹೆಜ್ಜೆ ಕಲಿತವರು. ಈಗ ಭತ್ತದ ನಾಟಿಗೆ ಗುಂಪಾಗಿ ಹೋಗುತ್ತಾರೆ. ನನ್ನ ಮಾತಿಗೆ ಕಟ್ಟುಬಿದ್ದು ಒಂದು ದಿನದ ಮಟ್ಟಿಗೆ ಹೆಣವಾಗಲು ಒಪ್ಪಿದ್ದರು. ಅವರ ಕರಾರು ಎರಡು: ಮಧ್ಯಾಹ್ನದ ಊಟ, ಮತ್ತು ಬಣ್ಣ ತೊಳೆದ ಮೇಲೆ ಒಬ್ಬೊಬ್ಬರಿಗೂ ಒಂದು ಚೆಂದದ ಫೋಟೋ.

ಅಣ್ಣನ ಮಗಳದು ಲಿಂಗಸುಗೂರಿನಲ್ಲಿ ಫೋಟೋ ಸ್ಟುಡಿಯೋ. ಎಂಟು ವರ್ಷದಿಂದ ಬೇರೆಯವರ ಮದುವೆ ಚಿತ್ರೀಕರಿಸುತ್ತ ಬಂದವಳು, ಹತ್ತು ತಿಂಗಳಿಂದ ಮದುವೆಯಿಲ್ಲದ ಭಾನುವಾರಗಳಲ್ಲಿ ತನ್ನದೇ ಒಂದು ಸಿನಿಮಾ ತೆಗೆಯುತ್ತಿದ್ದಳು. ಮಿಲ್ಲಿನ ಕಾವಲುಗಾರನ ಕುಟುಂಬ ಒಳಗೆ ಸಿಕ್ಕಿಕೊಂಡಿದೆ, ಸತ್ತವರು ಎದ್ದು ಬಂದು ಬಾಗಿಲು ಬಡಿಯುತ್ತಾರೆ. ಕಥೆ ಅಷ್ಟೇ. ಸತ್ತವರೆಲ್ಲ ಸೇರಿ ಅಂಗಳ ದಾಟುವ ಕೊನೆಯ ದೃಶ್ಯವೊಂದೇ ಬಾಕಿ. ಕಾಲುವೆಗೆ ನೀರು ಬಿಟ್ಟಿದ್ದರು, ಸೋಮವಾರದಿಂದ ಈ ಗುಂಪು ನಾಟಿಗೆ ಇಳಿಯುತ್ತಿತ್ತು. ಮಿಲ್ಲಿನ ಮಾಲೀಕ ಚಾವಣಿಯ ತಗಡು ಮಾರಿಬಿಟ್ಟಿದ್ದ, ಮಂಗಳವಾರ ಬಿಚ್ಚುವವರು ಬರುತ್ತಿದ್ದರು. ಈ ದಿನ ಆಗದಿದ್ದರೆ ಆ ಸಿನಿಮಾಕ್ಕೆ ಕೊನೆಯೇ ಇಲ್ಲ.

ನನ್ನನ್ನು ಯಾಕೆ ಕರೆದಳೆಂದು ಹೇಳಬೇಕು. ನಿವೃತ್ತಿಯಾದ ಮೇಲೂ ನಾನು ಐದಕ್ಕೆ ಏಳುತ್ತೇನೆ, ಒಂದಕ್ಕೆ ಉಣ್ಣುತ್ತೇನೆ, ಎರಡರಿಂದ ಮೂರೂವರೆಯವರೆಗೆ ಸಿಂಧನೂರಿನ ಮನೆಯಲ್ಲಿ ಟಿವಿಯಲ್ಲಿ ಸಿನಿಮಾ ನೋಡುತ್ತೇನೆ. ಜೋಂಬಿ ಸಿನಿಮಾಗಳು ರೂಢಿಯಾದದ್ದು ಅವು ತೊಂಬತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತವೆ ಎಂಬ ಕಾರಣಕ್ಕೆ. ಹಿಂದಿಗೋ ತೆಲುಗಿಗೋ ಮಾತು ಕೂಡಿಸಿದ, ಯಾವ ದೇಶದವೆಂದು ತಿಳಿಯದ, ಖರ್ಚಿಲ್ಲದೆ ತೆಗೆದ ಸಿನಿಮಾಗಳು. ನಾಲ್ಕೈದು ಜನ, ಒಂದು ಮನೆ, ಒಂದು ಬಾಗಿಲು. ನೀರು ಯಾರು ತರಬೇಕು, ಕಾವಲು ಯಾರು ಕೂರಬೇಕು, ಇದೇ ಕಥೆ. ಹಾಡಿಲ್ಲ, ಮೂರು ತಲೆಮಾರಿನ ವೈರವಿಲ್ಲ. ಶಾಲೆಯ ಪ್ರವಾಸಕ್ಕೆ ಅರವತ್ತು ಮಕ್ಕಳನ್ನು ಕರೆದೊಯ್ದು ಅರವತ್ತನ್ನೂ ಮನೆಗೆ ಮುಟ್ಟಿಸಿದವರಿಗೆ ಇಂಥ ಕಥೆ ರುಚಿಸುತ್ತದೆ. ಕೈಯಲ್ಲಿ ದುಡ್ಡಿಲ್ಲದವರು ತೋರಿಸದೆ ಹೆದರಿಸುವುದನ್ನೂ ಕಲಿತಿರುತ್ತಾರೆ. ಬಾಗಿಲ ಸಂದಿಯಲ್ಲಿ ನಾಲ್ಕು ಬೆರಳು ಕಂಡರೆ ಸಾಕು, ನಾನು ಕಾಲು ಮೇಲೆತ್ತಿ ಕೂರುತ್ತೇನೆ.

ತಪ್ಪುಗಳೂ ಬೇಕಾದಷ್ಟು. ಅವನ್ನು ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸತ್ತವನ ಮುಂಗೈಯಲ್ಲಿ ಗಡಿಯಾರ ನಡೆಯುತ್ತಿರುತ್ತದೆ. ಚೌಕಡಿ ಅಂಗಿಯ ಒಬ್ಬನೇ ಮನುಷ್ಯ ಮೂರು ಸಲ ಸಾಯುತ್ತಾನೆ. ರಕ್ತ ಶರಬತ್ತಿನ ಬಣ್ಣದ್ದು. ಬಾಗಿಲಿಗೆ ಹಲಗೆ ಬಡಿದು ಕಿಟಕಿ ಮರೆಯುತ್ತಾರೆ. ಒಂದು ವಾರ ಒಂದೇ ಮನೆಯಲ್ಲಿದ್ದರೂ ಯಾರೂ ಕಸ ಗುಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಆ ಸತ್ತವರು ಯಾರ ಮನೆಯವರೂ ಅಲ್ಲ. ಬದುಕಿದ್ದಾಗ ನೇಗಿಲು ಹಿಡಿದಿದ್ದರೋ, ರೊಟ್ಟಿ ಬಡಿಯುತ್ತಿದ್ದರೋ ಏನೂ ತಿಳಿಯದು. ಎಲ್ಲರೂ ಕೈ ಚಾಚಿಕೊಂಡು ಒಂದೇ ನಮೂನೆ ನಡೆಯುತ್ತಾರೆ.

ಆ ನೋಟ್‌ಬುಕ್ ಓದಿದ ಅಣ್ಣನ ಮಗಳು, "ಅತ್ತಿ, ತಪ್ಪು ಬರಕೊಂತ ಕುಂದ್ರೋದು ಸಾಕು. ಒಂದಿನ ಬಂದು ನನ್ನ ಸಿನಿಮಾದಾಗ ತಪ್ಪಾಗದಂಗ ನೋಡ್ಕೋ" ಅಂದಿದ್ದಳು. ಬಂದಿದ್ದೆ.

ಏಳು ಗಂಟೆಗೆ ಬಣ್ಣ ಹಚ್ಚಲು ಕೂತೆವು. ಕೊಬ್ಬರಿ ಎಣ್ಣೆಯಲ್ಲಿ ಕಲೆಸಿದ ಜೋಳದ ಹಿಟ್ಟು, ಕಣ್ಣಿನ ಕೆಳಗೆ ಕಾಡಿಗೆ, ಬಾಯಿಯ ಅಂಚಿಗೆ ರಕ್ತವೆಂದು ಬೆಲ್ಲದ ಪಾಕ. ಪಾಕಕ್ಕೆ ನೊಣ ಬಂದವು. ಅದೊಂದು ಪುಕ್ಕಟೆ ಸಿಕ್ಕ ಅನುಕೂಲ.

ಏಳೂವರೆಗೆ ಅಣ್ಣನ ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇನ್ನ ಬಳಿ, ಕುಂಕುಮ, ಹೂವು ಎಲ್ಲಾ ತೆಗೀರಿ. ಸತ್ತೋರಂಗ ಕಾಣ್ಬೇಕು."

ಯಾರೂ ಅಲುಗಲಿಲ್ಲ. ಗುಂಪಿನ ಮುಂದಾಳು, ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಎದ್ದು ನಿಂತಳು. "ಸತ್ತಂಗ ನಡೀತೀವಿ ತಂಗಿ. ಬಳಿ ತೆಗಿಯಂಗಿಲ್ಲ, ಕುಂಕುಮ ಅಳಸಂಗಿಲ್ಲ."

"ಬರೇ ಸಿನಿಮಾ ಅಲ್ಲೇನಕ್ಕಾ?"

"ಸಿನಿಮಾ ನಿಂದು. ಕೈ ನಮ್ಮವು."

ಪಕ್ಕದಲ್ಲಿದ್ದ ಮುಸ್ಲಿಂ ಹುಡುಗಿ, ಹೊಸದಾಗಿ ಮದುವೆಯಾದವಳು, ಸೇರಿಸಿದಳು: "ಬರಿಗೈಲೆ ಮನಿಗೆ ಹೋದ್ರ ನಮ್ಮತ್ತಿ ನನ್ನ ಖರೇನ ಹೆಣ ಮಾಡ್ತಾಳ್ರೀ."

ಅಣ್ಣನ ಮಗಳು ಪಟ್ಟು ಬಿಡಲಿಲ್ಲ, ಮುಂದಾಳೂ ಬಿಡಲಿಲ್ಲ. ಇಪ್ಪತ್ತು ನಿಮಿಷ ಹೋಯಿತು. ಆರೇಳು ಜನ ಬಿಳಿ ಮುಖದಲ್ಲೇ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಕೂತರು. ಆಗ ನಾನು ಮುಂದಾಳನ್ನು ಕೇಳಿದೆ: "ಮುತ್ತೈದಿ ತೀರಿಕೊಂಡ್ರ ಹೆಂಗ ಕಳಸ್ತೀರಿ?"

"ಹಸರು ಬಳಿ ತೊಡಿಸಿ, ಕುಂಕುಮ ಹಚ್ಚಿ, ಹೂ ಮುಡಿಸಿ ಕಳಸ್ತೀವ್ರಿ ಅಕ್ಕೋರ."

"ಹಂಗ ಹೋದಾಕಿ ಎದ್ದು ಬಂದ್ರ ಹೆಂಗ ಬರ್ತಾಳ?"

ಮುಂದಾಳು ಅಣ್ಣನ ಮಗಳ ಕಡೆ ನೋಡಿದಳು. "ಕೇಳಿದೇನು? ಅಕ್ಕೋರ್ಗೆ ಗೊತ್ತೈತಿ."

ಅಣ್ಣನ ಮಗಳು, ಹಾಗಾದರೆ ಎಲ್ಲರಿಗೂ ಹಸಿರು ಬಳೆ ತರಿಸುತ್ತೇನೆ ಅಂದಳು. ಅದಕ್ಕೂ ಮುಂದಾಳು ಬೇಡವೆಂದಳು. "ಅಷ್ಟು ಬ್ಯಾಡವ್ವ. ನಮ್ಮವು ಇದ್ದಂಗ ಇರ್ಲಿ." ಟ್ರಾಲಿ ಹತ್ತಿದವರು ಇಳಿದರು.

ಒಂಬತ್ತೂಕಾಲಿಗೆ ನಡಿಗೆ ಶುರುವಾಯಿತು. ಅಂಗಳದ ಆ ತುದಿಯಿಂದ ಈ ಬಾಗಿಲಿನವರೆಗೆ, ಅಗಲಕ್ಕೆ ಹರಡಿಕೊಂಡು ಬರಬೇಕು. ಹೊರಟಾಗ ಹರಡಿಯೇ ಹೊರಟರು. ಹತ್ತು ಹೆಜ್ಜೆಗೆ ಒಬ್ಬಳ ಹಿಂದೆ ಒಬ್ಬಳು ಬಂದು, ನಡು ಅಂಗಳದಲ್ಲಿ ಮೂವತ್ತೆರಡು ಜನ ಒಂದೇ ಸಾಲಾದರು. ಎರಡನೇ ಸಲವೂ ಹಾಗೇ. ಕಾಲುವೆ ನೀರಿನ ಊರಿನವರು ಹುಟ್ಟಿದಾಗಿನಿಂದ ಗದ್ದೆಯ ಬದುವಿನ ಮೇಲೆ ನಡೆದವರು. ಬದುವಿನ ಮೇಲೆ ಒಂದೇ ಹೆಜ್ಜೆಗೆ ಜಾಗ. ಗುಂಪು ಎಂದರೆ ಸಾಲು ಎಂದೇ ಅವರ ಕಾಲಿಗೆ ಗೊತ್ತು. ನಾನು ತಿದ್ದಲು ಹೋಗಿ ಸೀಟಿ ಊದಿದೆ. ಅದು ಇನ್ನೂ ಕೆಟ್ಟಿತು. ನನ್ನ ಶಿಷ್ಯೆಯರು ಕೈಯಳತೆಯ ಅಂತರ ಬಿಟ್ಟು ನೆಟ್ಟಗೆ ನಿಂತರು.

ನಾಲ್ಕನೇ ಸಲ ಮುಗಿಯುವಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಏರಿತ್ತು. ಅಣ್ಣನ ಮಗಳು ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿ ಮೆಟ್ಟಿಲ ಮೇಲೆ ಕೂತಳು. "ಬಿಡತ್ತಿ, ಆಗಂಗಿಲ್ಲ. ಇವ್ರು ಜೋಂಬಿ ಅಲ್ಲ, ಕೂಲಿಗೆ ಹೊಂಟ ಮಂದಿ." ಕಣ್ಣು ಒರೆಸಿಕೊಂಡಳು. ಹತ್ತು ತಿಂಗಳು ನನ್ನ ಮುಂದೆ ಒಮ್ಮೆಯೂ ದಣಿವೆಂದು ಹೇಳದವಳು.

ಕೂಲಿಗೆ ಹೊರಟ ಮಂದಿ ಎಂಬುದು ಸರಿಯಾಗಿತ್ತು. ಕೂಲಿ ಮುಗಿಸಿದ ಮಂದಿ ನಮಗೆ ಬೇಕಿತ್ತು. ಸೀಟಿಯನ್ನು ಚೀಲಕ್ಕೆ ಹಾಕಿ, ಅಂಗಳದ ಆ ತುದಿಗೆ ಹೋದೆ.

"ಬದುವಿನ ಮ್ಯಾಲ ಬ್ಯಾಡ. ಗದ್ದ್ಯಾಗ ಇಳೀರಿ," ಅಂದೆ. "ಮೊಣಕಾಲ ಮಟ ರಾಡಿ ಐತಿ. ಮುಂಜಾನಿಂದ ಸಸಿ ಹಚ್ಚೀರಿ, ಈಗ ಸಂಜಿ ಆಗೇತಿ. ಸೊಂಟ ಎತ್ತಾಕ ಬರವಲ್ದು. ಆ ಬಾಗಲದಾಗ ನೀರಿನ ಕೊಡ ಐತಿ."

"ಇದನ್ನ ನಮ್ಗ ಕಲಿಸಬೇಕೇನ್ರಿ ಅಕ್ಕೋರ," ಅಂದಳು ಮುಂದಾಳು.

ನಾನು ಬಾಗಿಲ ಒಂದು ಬದಿಗೆ ಬಂದು ನಿಂತೆ, ಅಣ್ಣನ ಮಗಳು ಕ್ಯಾಮೆರಾದ ಟವೆಲ್ ತೆಗೆದಳು. ಹತ್ತೂ ಐವತ್ತಕ್ಕೆ ಹೊರಟರು. ಸೊಂಟ ಬಾಗಿತ್ತು. ಕೈಗಳು ಚಾಚಿರಲಿಲ್ಲ, ಸೋತು ನೇತಾಡುತ್ತಿದ್ದವು. ಒಂದೊಂದು ಕಾಲನ್ನೂ ನೆಲದಿಂದ ಕಿತ್ತು, ತಡೆದು, ಮುಂದಿಡುತ್ತಿದ್ದರು. ಗದ್ದೆಯೊಳಗೆ ಸಾಲಿಲ್ಲ, ಆದ್ದರಿಂದ ಅಂಗಳದ ಅಗಲಕ್ಕೂ ಹರಡಿಕೊಂಡರು. ಯಾರೂ ಮಾತಾಡಲಿಲ್ಲ. ಪ್ರತಿ ಹೆಜ್ಜೆಗೂ ಅಷ್ಟೂ ಜನರ ಗಾಜಿನ ಬಳೆ ಒಮ್ಮೆ ಸದ್ದಾಗಿ ನಿಲ್ಲುತ್ತಿತ್ತು. ಒಬ್ಬೊಬ್ಬಳೂ ಯಾರ ಮನೆಯವಳೆಂದು ನನಗೆ ಗೊತ್ತು. ಆದರೂ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಬಾಗಿಲು ಮುಟ್ಟಿದರು. ಅಣ್ಣನ ಮಗಳು "ಕಟ್" ಅಂದಳು. ಅದೇ ಹೊತ್ತಿಗೆ ಮಳೆ ಹನಿಯಿತು, ಎಲ್ಲರೂ ತಗಡಿನ ಕೆಳಗೆ ಓಡಿದೆವು. ತೆಗೆದದ್ದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡುತ್ತಿದ್ದ ಅಣ್ಣನ ಮಗಳು ಒಂದು ಕಡೆ ನಿಲ್ಲಿಸಿದಳು. ನಡುವಿನಲ್ಲಿದ್ದ ಒಂದು ಹೆಣ, ಹೆಜ್ಜೆ ತಪ್ಪಿಸದೆ, ಸೋತ ಕೈಯನ್ನೇ ಮೇಲೆತ್ತಿ ತಲೆಯ ಮೇಲೆ ಸೆರಗು ಎಳೆದುಕೊಂಡಿತ್ತು.

ಟ್ರ್ಯಾಕ್ಟರಿನ ಹಿರಿಯರು ನೋಡುವ ಆಸೆಗೆ ಕ್ಯಾಮೆರಾದ ಪಕ್ಕ ಬಂದು ನಿಂತಿದ್ದರಂತೆ. ಅವರು ಅವಳ ಮಾವ.

"ಸತ್ತ ಮ್ಯಾಲೂ ಮಾವ ಮಾವನ ಅಲ್ಲೇನ್ರಿ," ಅಂದಳು ಮುಂದಾಳು. ಬಿಳಿ ಮುಖಗಳೆಲ್ಲ ನಕ್ಕವು. ಸೆರಗಿನವಳು ಮಾತ್ರ ಇನ್ನೂ ಸೆರಗು ಇಳಿಸಿರಲಿಲ್ಲ. ಹಿರಿಯರು ಮಳೆಯಲ್ಲೇ ಟ್ರ್ಯಾಕ್ಟರಿನ ಕಡೆ ಹೋದರು.

ಮಳೆ ಬಲವಾಯಿತು, ಅಂಗಳ ಕೆಂಪು ರಾಡಿಯಾಯಿತು. ಇನ್ನೊಂದು ಸಲ ತೆಗೆಯುವ ಮಾತೇ ಇರಲಿಲ್ಲ. ಅಣ್ಣನ ಮಗಳು ನನ್ನ ಮುಖ ನೋಡಿದಳು. "ನಿನ್ನ ಲೆಕ್ಕದಾಗ ಇದು ತಪ್ಪೋ ಅಲ್ಲೋ, ಹೇಳಿಬಿಡು. ಆಕೀನ ಕತ್ತರಿಸಿದ್ರ ದೃಶ್ಯ ಅರ್ಧ ಆಗತೈತಿ."

"ತಪ್ಪು," ಅಂದೆ. "ನಾ ಬರಕೊಂತೀನಿ. ನೀ ಕತ್ತರಿಸಬ್ಯಾಡ."

ಹನ್ನೆರಡಕ್ಕೆ ರೊಟ್ಟಿ, ಪುಂಡಿಪಲ್ಯ, ಅನ್ನ ಸಾರು. ಒಂದು ಗಂಟೆಗೆ ಕಡಲೆಹಿಟ್ಟು ಹಚ್ಚಿ ಮೂವತ್ತೆರಡು ಮುಖ ತೊಳೆಸಿದೆ. ಫೋಟೋ ತೆಗೆಯಲು ಎರಡು ತಾಸು ಹಿಡಿಯಿತು, ಏಕೆಂದರೆ ಪ್ರತಿಯೊಬ್ಬಳೂ ತಲೆ ಬಾಚಿಕೊಳ್ಳಬೇಕಿತ್ತು. ಮಳೆ ನಿಂತ ಮೇಲೆ ಟ್ರಾಲಿಯ ಪಕ್ಕ ನಿಂತು ಹಾಜರಿ ಕರೆದೆ. ಮೂವತ್ತೆರಡೂ ಇದ್ದವು. ಕಳಿಸಿದೆ.

ಸಿಂಧನೂರಿಗೆ ಬಂದಾಗ ಐದೂವರೆ. ಆ ದಿನ ಎರಡು ಗಂಟೆಗೆ ನೋಡುವ ಸಿನಿಮಾ ತಪ್ಪಿಹೋಗಿತ್ತು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಬರೆದೆ: ತಪ್ಪು ಒಂದು. ನಡುವಿನ ಹೆಣ ಮಾವನನ್ನು ಕಂಡು ಸೆರಗು ಹೊದ್ದಿತು. ಆಮೇಲೆ ಹಿಟ್ಟು ಕಲೆಸಿದ ಬೋಗುಣಿಯನ್ನು ಬೂದಿ ಹಚ್ಚಿ ತಿಕ್ಕಿದೆ, ಎಣ್ಣೆಯ ಜಿಗುಟು ಹೋಗಲು ಎರಡು ಸಲ ತಿಕ್ಕಬೇಕಾಯಿತು, ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದೆ.