ಟವೆಲಿನ ಕೆಳಗೆ ಹನ್ನೊಂದು ಕೈ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಕೂಸಿನ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದರು. ವಾಸನೆ ಕಾಂಪೌಂಡು ದಾಟಿ ನಾನು ಪೇಪರು ಓದುತ್ತಿದ್ದ ಜಗಲಿಗೆ ಬಂತು. ಹರಳೆಣ್ಣೆಯ ವಾಸನೆ ಬಂದರೆ ಸಂಸ್ಕಾರವಂತರಿಗೆ ಅಜ್ಜಿ, ಸೀಗೆಪುಡಿ, ಹಬ್ಬದ ನೀರು ನೆನಪಾಗುತ್ತವೆ. ನನಗೆ ಫುಟ್‌ಬಾಲ್ ನೆನಪಾಯಿತು. ನಗಬೇಡಿ. ಮೂವತ್ತರ ದಶಕದ ಕೊನೆಯಲ್ಲಿ ಇಡೀ ಶ್ರೀನಿವಾಸಪುರಕ್ಕೆ ಇದ್ದದ್ದು ಒಂದೇ ಚೆಂಡು. ತೊಗಲು ಬಿರಿಯದಿರಲಿ ಎಂದು ಅದಕ್ಕೆ ಪ್ರತಿ ಶನಿವಾರ ಹರಳೆಣ್ಣೆ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದೆವು. ಅಷ್ಟು ಆರೈಕೆ ನಮ್ಮಲ್ಲಿ ಯಾರ ತಲೆಗೂ ಆಗಲಿಲ್ಲ.

ಆ ಚೆಂಡನ್ನು ಊರಿಗೆ ತಂದವನು ಪಿಳ್ಳಣ್ಣ. ಮಾವಿನಕಾಯಿ ಗಾಡಿ ಹೊಡೆಯುವವನು. ಚಿನ್ನದ ಗಣಿಯ ಕಡೆಗೆ ಕಾಯಿ ಇಳಿಸಲು ಹೋದಾಗ ಅಲ್ಲಿ ಜನ ಚೆಂಡು ಒದೆಯುವುದನ್ನು ನೋಡಿದ. ಎರಡು ಬುಟ್ಟಿ ಕಾಯಿ ಕೊಟ್ಟು ಅವರ ಹಳೆಯ ಚೆಂಡನ್ನು ತಂದ. ಆಟದ ನಿಯಮಗಳನ್ನೂ ತಂದ. ಅರ್ಧ ದಾರಿಯಲ್ಲಿ ಮರೆತ. ಹೀಗಾಗಿ ನಮ್ಮೂರಿನ ಫುಟ್‌ಬಾಲಿನಲ್ಲಿ ಮೊದಲ ಎರಡು ವರ್ಷ ಆಫ್‌ಸೈಡ್ ಎಂಬುದೇ ಇರಲಿಲ್ಲ. ಮೂರನೆಯ ವರ್ಷ ಪಿಳ್ಳಣ್ಣ ಚಳಿಜ್ವರ ಬಂದು ತೀರಿಕೊಂಡ. ಇಪ್ಪತ್ತಾರು ವಯಸ್ಸು. ಸಂಘಕ್ಕೆ ಅಲ್ಲಿಯವರೆಗೆ ಹೆಸರಿರಲಿಲ್ಲ, ಅಂದಿನಿಂದ ಅದು ಪಿಳ್ಳಣ್ಣ ಕ್ಲಬ್ಬು ಆಯಿತು. ಯಾರೂ ಸಭೆ ಕರೆದು ಇಟ್ಟ ಹೆಸರಲ್ಲ.

ಪಿಳ್ಳಣ್ಣನ ತಾಯಿ ಮುನೆಕ್ಕ ಆಟದ ದಿನ ಬೇಯಿಸಿದ ಕಡಲೇಕಾಯಿ ಬುಟ್ಟಿ ಇಟ್ಟುಕೊಂಡು ಮೈದಾನದ ಅಂಚಿನಲ್ಲಿ ಕೂರುತ್ತಿದ್ದಳು. ಅವಳಿಗೆ ಗೋಲು ಯಾವ ಕಡೆ ಎಂಬುದೂ ಗೊತ್ತಿರಲಿಲ್ಲ. ನಮ್ಮವರು ಮುನ್ನುಗ್ಗಿದಾಗ ಇನ್ನೂರು ಗಂಟಲು ಒಟ್ಟಿಗೆ "ಪಿಳ್ಳಣ್ಣಾ!" ಎಂದು ಕೂಗಿದರೆ, ಅವಳು ಕಡಲೇಕಾಯಿ ಅಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. "ನಾನೊಬ್ಳೇ ಕೂಗ್ತಿದ್ದೆ ನಾಯನಾ, ಊಟಕ್ಕೆ ಬಾರೋ ಅಂತ. ಈಗ ನೋಡು, ಊರೇ ಕೂಗ್ತದೆ" ಎಂದು ಒಮ್ಮೆ ನನಗೆ ಹೇಳಿದ್ದಳು.

ನಾನು ಆಟಗಾರನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಒಂದು ಸಲ ಇಳಿದಿದ್ದೆ. ಚೆಂಡೊಂದನ್ನು ಬಿಟ್ಟು ಮೈದಾನದಲ್ಲಿದ್ದ ಉಳಿದದ್ದನ್ನೆಲ್ಲ ಒದ್ದೆ ಎಂದು ಕ್ಯಾಪ್ಟನ್ ಟೈಲರ್ ಖಾದರ್ ನನ್ನನ್ನು ಕೂಗುವವರ ಗುಂಪಿಗೆ ವರ್ಗ ಮಾಡಿದ. ಅಲ್ಲಿ ನಾನು ಬೇಗನೆ ಮುಂದೆ ಬಂದೆ. ಓದಿದವನು, ದುಂಡಗೆ ಬರೆಯುವವನು, ಮುಖ್ಯವಾಗಿ ಕೆಲಸವಿಲ್ಲದವನು. ಇಂಥವರನ್ನು ಕಾರ್ಯದರ್ಶಿ ಮಾಡುವುದು ನಮ್ಮಲ್ಲಿ ವಾಡಿಕೆ.

ಚೆಂಡು ಹಳೆಯದಾಯಿತು, ಅಂಗಿಗಳು ಹರಿದವು. ಆಗ ಮಂಡಿ ನಾರಾಯಣಪ್ಪನವರು ಕೃಪೆ ಮಾಡಿದರು. ಮಾವಿನ ಮಂಡಿಯ ಸಾಹುಕಾರರು. ಹೊಸ ಚೆಂಡು ತರಿಸಿದರು, ಹಳದಿ ಅಂಗಿ ಹೊಲಿಸಿದರು, ಸುಗ್ಗಿಯಿಲ್ಲದ ದಿನಗಳಲ್ಲಿ ಮಂಡಿಯ ಅಂಗಳವನ್ನೇ ಆಟಕ್ಕೆ ಬಿಟ್ಟರು. ಕ್ಲಬ್ಬು ತಮ್ಮದೇ ಎಂದು ಅವರು ಎಂದೂ ಹೇಳಲಿಲ್ಲ. ದಿನಕ್ಕೆ ನಾಲ್ಕು ಸಲ "ನಮ್ಮ ಹುಡುಗರು" ಎನ್ನುತ್ತಿದ್ದರು, ಅಷ್ಟೆ. ಹೀಗಿರುವಾಗ ಮುಳಬಾಗಿಲಿನವರ ಮೇಲಿನ ಆಟಕ್ಕೆ ತಾಲ್ಲೂಕಿನ ಅಮಲ್ದಾರರು ಬಂದು, ಇನ್ನೂರು ಜನ ಕೂಗುವುದನ್ನು ಕೇಳಿ, "ಯಾರ್ರೀ ಈ ಪಿಳ್ಳಣ್ಣ? ಭಾರಿ ಜಮೀನ್ದಾರರೋ?" ಎಂದು ವಿಚಾರಿಸಿದರು. ಗಾಡಿ ಹೊಡೆಯುವವನು ಎಂದು ಹೇಳಬೇಕಾಗಿ ಬಂದಾಗ ಸಾಹುಕಾರರ ಮುಖ ನೋಡಬೇಕಿತ್ತು. ದಸರೆಗೆ ಅರಮನೆಯಿಂದ ಬಿರುದು ಬರಬಹುದೆಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು. ಬರಲಿಲ್ಲವಾದ್ದರಿಂದ ಬಿರುದನ್ನು ತಾವೇ ಇಟ್ಟುಕೊಂಡರು. ಕ್ಲಬ್ಬಿನ ಹೆಸರು ಇನ್ನು ಮುಂದೆ "ಮಹಾಜನಪ್ರಿಯ ನಾರಾಯಣಪ್ಪನವರ ಫುಟ್‌ಬಾಲ್ ಸಂಘ" ಎಂದರು.

ಊರು ಸಿಡಿದೆದ್ದಿತು. ಅದು ದೇಶವೆಲ್ಲ ಸಿಡಿದೇಳುತ್ತಿದ್ದ ಕಾಲ, ನಮಗೂ ಕೈ ಕಡಿಯುತ್ತಿತ್ತು. ಖಾದರನ ಅಂಗಡಿಯಲ್ಲಿ ಸಭೆ ಸೇರಿ ಮೊದಲಿಗೆ ಉಪವಾಸ ಮಾಡಿದೆವು, ತಿಂಡಿ ಮುಗಿದ ಮೇಲೆ ಕೂತು ಊಟದ ಹೊತ್ತಿಗೆ ಎದ್ದೆವು. ಆಮೇಲೆ ಸಾಹುಕಾರರ ಮಂಡಿಯ ಮಾವಿನಹಣ್ಣನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿದೆವು. ಅದು ಕಾರ್ತಿಕ ಮಾಸ. ಜ್ಯೇಷ್ಠದವರೆಗೆ ಆಣೆ ಮುರಿಯುವ ಪ್ರಸಂಗವೇ ಬರುವಂತಿರಲಿಲ್ಲ. ಕೊನೆಗೆ ನಾನು ಸಾಹುಕಾರರಿಗೇ ಅರ್ಜಿ ಬರೆದೆ. "ಮಹಾಸ್ವಾಮಿಗಳ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕರಿಸಿ ಉಗ್ರವಾಗಿ ಪ್ರತಿಭಟಿಸುವುದೇನೆಂದರೆ" ಎಂದು ಶುರು ಮಾಡಿದ್ದೆ. ಅಕ್ಷರ ಮುತ್ತಿನಂತಿದೆ ಎಂದು ಸಾಹುಕಾರರು ಮೆಚ್ಚಿಕೊಂಡರು. "ಮಂಡೀಗೆ ಇಂಥ ಒಬ್ಬ ರೈಟರು ಬೇಕಪ್ಪ, ಬರೋ ಸುಗ್ಗಿ ಒಳಗೆ" ಎಂದರು, ಯಾರಿಗೋ ಹೇಳುವಂತೆ.

ಅರ್ಜಿಯಲ್ಲಿ ವೋಟು ಆಗಲಿ ಎಂದು ಕೇಳಿದ್ದೆವು. ಅವರು ತಕ್ಷಣ ಒಪ್ಪಿದರು. "ಕಮಿಟಿ ಮಾಡ್ಕೊಂಡು ಬನ್ರಪ್ಪ ಹನ್ನೊಂದು ಜನ. ಮಂಡಿ ಪದ್ಧತಿಯಂತೆ ಆಗ್ಲಿ. ಗುಟ್ಟು ಗುಟ್ಟಾಗೇ ಇರ್ತದೆ." ಮಂಡಿಯ ಪದ್ಧತಿ ನಿಮಗೆ ಗೊತ್ತಿರಬಹುದು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಟವೆಲಿನ ಕೆಳಗೆ ಆದದ್ದನ್ನು ಹೊರಗೆ ಆಡಿದವನನ್ನು ಊರಲ್ಲಿ ಯಾರೂ ಮನುಷ್ಯನೆಂದು ಎಣಿಸುವುದಿಲ್ಲ. ನಾವೆಲ್ಲ ಆ ಅಂಗಳದಲ್ಲೇ ಬೆಳೆದವರು. ಹನ್ನೊಂದು ಮಂದಿಯೂ ತಲೆಯಾಡಿಸಿದೆವು. ಹೊಸ ಹೆಸರು ಬೇಕೆಂದರೆ ಒಂದು ಬೆರಳು ಹಿಡಿಯಬೇಕು, ಹಳೆಯದೇ ಇರಲಿ ಎಂದರೆ ಎರಡು. ಹಿಡಿಯಬೇಕಾದದ್ದು ಸಾಹುಕಾರರ ಕೈಯನ್ನು, ಲೆಕ್ಕ ಇಡುವವರೂ ಸಾಹುಕಾರರೇ. ಇಷ್ಟು ಚೆನ್ನಾದ ಚುನಾವಣೆಯನ್ನು ನಾನು ಮುಂದೆಂದೂ ನೋಡಲಿಲ್ಲ ಎನ್ನುವಂತಿಲ್ಲ, ಕೆಲವನ್ನು ನೋಡಿದ್ದೇನೆ.

ಒಬ್ಬೊಬ್ಬರಾಗಿ ಹೋಗಿ ಗದ್ದುಗೆಯ ಮುಂದೆ ಕೂತು ಕೈ ಕೊಟ್ಟು ಎದ್ದು ಬಂದೆವು. ಎಲ್ಲ ಮುಗಿದ ಮೇಲೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಹನ್ನೊಂದೂ ಒಂದೇ ಬೆರಳು. ಒಮ್ಮತ ಕಣ್ರಪ್ಪ. ಇದಕ್ಕೇ ಅನ್ನೋದು ಊರು ಅಂತ" ಎಂದರು. ಹನ್ನೊಂದು ಜನ ಪರಸ್ಪರ ಮುಖ ನೋಡಿಕೊಂಡೆವು. ಯಾರೂ ಬಾಯಿ ಬಿಡಲಿಲ್ಲ. ಸುಳ್ಳು ಎಂದು ಕೂಗಿದರೆ ಟವೆಲಿನ ಗುಟ್ಟು ಒಡೆದಂತೆ. ಬ್ರಿಟಿಷರಿಗೆ ಹೆದರದವರು ಒಂದು ಗೇಣು ಬಟ್ಟೆಗೆ ಹೆದರಿದೆವು.

ಮಾರನೆಯ ಬೆಳಿಗ್ಗೆ ಸಾಹುಕಾರರು ನನ್ನನ್ನು ಕರೆಸಿದರು. "ಹತ್ತು ಜನ ಎರಡು ಹಿಡಿದ್ರು ಕಣಯ್ಯ, ನೀನೊಬ್ನೇ ಬುದ್ಧಿವಂತ. ಬಾ, ಇವತ್ತಿನಿಂದ್ಲೇ ಬರೆಯೋಕೆ ಕೂತ್ಕೋ."

ಹೌದು, ಓದುಗ ಮಹಾಶಯ, ಆ ಒಂದು ಬೆರಳು ನನ್ನದು. ಎರಡು ಹಿಡಿಯಬೇಕೆಂದೇ ಹೋಗಿದ್ದೆ. ಟವೆಲಿನ ಕೆಳಗೆ ಅವರ ಕೈ ಬೆಚ್ಚಗಿತ್ತು. ಮನೆಯಲ್ಲಿ ಎರಡು ತಿಂಗಳಿಂದ ಅಕ್ಕನ ಗಂಡನ ಅನ್ನ ಉಣ್ಣುತ್ತಿದ್ದೆ. ನನ್ನ ಎರಡನೆಯ ಬೆರಳು ಬರಲೇ ಇಲ್ಲ. ಸಾಹುಕಾರರು ಸುಳ್ಳು ಹೇಳಿದ್ದಾರೆ ಎಂದು ತಿಳಿದ ಮೇಲಾದರೂ ಓಡಿಹೋಗಿ ಖಾದರನಿಗೆ ಹೇಳಬಹುದಿತ್ತು. ಹೇಳಿದರೆ ನನ್ನ ಬೆರಳೂ ಹೊರಗೆ ಬರುತ್ತಿತ್ತು. ಮಸಿಕುಡಿಕೆ ಹತ್ತಿರ ಎಳೆದುಕೊಂಡು ಕೂತೆ. ನಾಚಿಕೆಯಾಯಿತು, ಕೂತೂ ಇದ್ದೆ.

ಆಮೇಲೆ ನಾನು ಹೋದ ಕಡೆಯೆಲ್ಲ ಮಾತು ನಿಲ್ಲುತ್ತಿತ್ತು. ಖಾದರನ ಅಂಗಡಿಗೆ ಕಾಲಿಟ್ಟರೆ ಹೊಲಿಗೆ ಯಂತ್ರ ಮಾತ್ರ ಓಡುತ್ತಿತ್ತು. ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂದಿದೆ, ಪಾಪ, ಎಂದುಕೊಂಡೆ. ಅಷ್ಟರ ಮಟ್ಟಿಗೆ ಸಾಹುಕಾರರು ಹೇಳಿದ ಬುದ್ಧಿವಂತ ನಾನು.

ಹದಿನೈದು ದಿನಕ್ಕೆ ಮಾಲೂರಿನವರ ಮೇಲೆ ಆಟ. ಹೊಸ ಬೋರ್ಡು, ಎದೆಯ ಮೇಲೆ ಹೊಸ ಹೆಸರು. ಹೆಸರು ಉದ್ದವಾದ್ದರಿಂದ ಸಣ್ಣ ಮೈಯವರಿಗೆ ಅದು ಕಂಕುಳಿನ ಕೆಳಗಿನಿಂದ ಬೆನ್ನಿಗೂ ಹೋಗಿತ್ತು. ಯಾರಿಗಾಗಿ ಇಷ್ಟೆಲ್ಲ ಆಯಿತೋ ಆ ಅಮಲ್ದಾರರಿಗೆ ಹಿಂದಿನ ವಾರವೇ ವರ್ಗವಾಗಿತ್ತು. ಹೊಸಬರಿಗೆ ಇಸ್ಪೀಟು ಇಷ್ಟ. ಕೂಗುವುದಕ್ಕೆ ಮಂಡಿಯ ಹಮಾಲಿಗಳನ್ನು ತಯಾರು ಮಾಡಲಾಗಿತ್ತು. ಅವರು ಪಾಪ "ಮಹಾಜನಪ್ರಿಯ ನಾರಾಯಣಪ್ಪನವರ" ಎನ್ನುವಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗೆ ಬಂದು ಕೂತಿರುತ್ತಿತ್ತು. ಎರಡು ಸಲ ಹೀಗಾಯಿತು. ಮೂರನೆಯ ಸಲ ಖಾದರ್ ಚೆಂಡು ತೆಗೆದುಕೊಂಡು ಮುನ್ನುಗ್ಗಿ ಗೋಲು ಹೊಡೆದ. ಇಡೀ ಅಂಗಳ "ಪಿಳ್ಳಣ್ಣಾ!" ಎಂದಿತು. ಹಮಾಲಿಗಳೂ ಅದನ್ನೇ ಕೂಗಿದರು. ಸಾಹುಕಾರರ ಪಕ್ಕದ ಕುರ್ಚಿಯಲ್ಲಿದ್ದ ನಾನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ಆಟ ಮುಗಿದ ಮೇಲೆ ಮುನೆಕ್ಕ ನನ್ನನ್ನು ಕರೆದಳು. ಕಡಲೇಕಾಯಿ ಪೊಟ್ಟಣ ಕಟ್ಟುತ್ತಲೇ ಕೇಳಿದಳು. "ಹನ್ನೊಂದು ಜನಾನೂ ಒಂದೇ ಬೆರಳು ಹಿಡಿದ್ರಂತೆ. ಮತ್ತೆ ಈಗ ಕೂಗಿದೋರು ಯಾರು ನಾಯನಾ?"

"ಅದು ಅಭ್ಯಾಸ ಕಣಮ್ಮ. ಬೆರಳೇನೋ ಎಲ್ರೂ ಒಂದೇ ಹಿಡಿದ್ವಿ" ಎಂದೆ.

"ಆಗ್ಲಿ ಬಿಡು" ಎಂದು ಪೊಟ್ಟಣಕ್ಕೆ ಇನ್ನೊಂದು ಹಿಡಿ ಹಾಕಿ ಕೊಟ್ಟಳು. ಎರಡು ವರ್ಷದ ಮೇಲೆ ಮುಳಬಾಗಿಲಿನ ಮಗಳ ಮನೆಯಲ್ಲಿ ತೀರಿಕೊಂಡಳು.

ಇಷ್ಟು ಬರೆದು, ಸಾಹುಕಾರರನ್ನು ಚೆನ್ನಾಗಿ ಗೇಲಿ ಮಾಡಿದೆ ಎಂದು ಓದಿ ನೋಡಿದೆ. ಸಾಹುಕಾರರು ಹೇಳಿದ್ದು ಒಂದು ಹೆಸರಿನ ಸುಳ್ಳು. ನಾನು ನನ್ನ ಬೆರಳನ್ನು ಮುಚ್ಚಿಕೊಳ್ಳಲು ಹತ್ತು ಜನ ಗೆಳೆಯರನ್ನು ಆ ತಾಯಿಯ ಮುಂದೆ ದ್ರೋಹಿಗಳನ್ನಾಗಿ ಮಾಡಿದ್ದೆ. ಅವಳು ಅದನ್ನೇ ನಂಬಿ ಹೋದಳಲ್ಲ ಎಂದು ಇಷ್ಟು ವರ್ಷವೂ ಸಂಕಟವಾಗುತ್ತಿತ್ತು. ಕಾಗದ ಮಡಿಸಿ ಜೇಬಿಗಿಟ್ಟು ಕೋಲಾರದ ಬಸ್ಸು ಹತ್ತಿದೆ. ಹತ್ತರಲ್ಲಿ ಉಳಿದಿರುವವನು ಖಾದರ್ ಒಬ್ಬ, ಅಲ್ಲಿ ಮಗನ ಮನೆಯಲ್ಲಿದ್ದಾನೆ. ಕೂರುವ ಮೊದಲೇ ಹೇಳಿಬಿಟ್ಟೆ.

ಅವನು ಕನ್ನಡಕ ಒರೆಸಿಕೊಂಡು ನನ್ನನ್ನೇ ನೋಡಿದ. "ಅರೆ, ಇದ್ಯಾವ ಗುಟ್ಟಯ್ಯ? ಮಾರನೇ ದಿನವೇ ನೀನು ಮಂಡೀಲಿ ಕೂತ್ಕೊಂಡೆ. ಹತ್ತೂ ಜನ ನನ್ನ ಅಂಗ್ಡೀಲಿ ಸೇರಿ, ಟವೆಲು ಹಾಳಾಗ್ಲಿ ಅಂತ ಬೆರಳು ಹೇಳ್ಕೊಂಡ್ವಿ. ಉಳಿದೋನು ಯಾರು ಅಂತ ಮಗ್ಗಿ ಬೇಕಾ?"

"ಮುನೆಕ್ಕ?"

"ಆವತ್ತು ಸಂಜೇನೇ ಹೋಗಿ ಹೇಳಿದ್ವಿ. ಅವಳೇ ನಮ್ಮ ಬಾಯಿ ಕಟ್ಟಿದ್ದು. ಅವನನ್ನ ಏನೂ ಕೇಳಬೇಡಿ, ಅವನ ಮನೇಲೂ ಒಲೆ ಉರೀಬೇಕು, ಹೇಳೋದಾದ್ರೆ ಅವನೇ ಹೇಳ್ಲಿ ಅಂದ್ಲು."

ಖಾದರನ ಸೊಸೆ ಕಾಫಿ ತಂದಿಟ್ಟಳು. ಲೋಟ ಎತ್ತಿಕೊಳ್ಳುವಾಗ ಹೊಳೆಯಿತು. ಮಾಲೂರಿನವರ ಆಟದ ದಿನ ಮುನೆಕ್ಕ ನನ್ನನ್ನು ಕರೆದು ಕೇಳಿದ್ದು, ಎಲ್ಲ ಗೊತ್ತಿದ್ದೂ, ನಾನೇ ಹೇಳಲಿ ಎಂದು.