ಬೂದನಿಗೆ ಉಷ್ಣ ಆದದ್ದು

ಆನೇಮಹಲ್ ತಿರುವಿನಲ್ಲಿ ಗುರುಶಾಂತಮ್ಮನ ಕಾಫಿ ಅಂಗಡಿ. ಮಂಜಿನಲ್ಲಿ ಏನೂ ಕಾಣದಿದ್ದರೂ, ಲಾರಿ ಗೇರು ಬದಲಿಸಿದ ಸದ್ದಿಗೇ ಬಂದವರು ಯಾರೆಂದು ತಿಳಿದು, ಅವರವರ ರುಚಿಗೆ ಸಕ್ಕರೆ ಬೆರೆಸಿಡುವಳು. ಅಂಥ ಕಿವಿಗೆ, ಮಳೆ ಹಿಂದೆಗೆದ ಮೇಲೆ ಹೊಸದೊಂದು ಸದ್ದು ಬಿತ್ತು. ಹೊಸಿಲ ಬಳಿ ಮಲಗುವ ಬೂದನ ಉಸಿರು ಗೊರಗೊರ ಅನ್ನುತ್ತಿತ್ತು. ವಿಭೂತಿ ಬಣ್ಣದ ನಾಯಿ, ಅದಕ್ಕೇ ಬೂದ. ಮೂಗಿನಿಂದ ಹನಿಹನಿ ರಕ್ತ.

"ಉಷ್ಣ ಕಣೇ," ಅಂದ ಗಂಡ ಪರಮಶಿವಯ್ಯ.

ಮೂಗಲ್ಲಿ ರಕ್ತ ಬಂದರೆ ಉಷ್ಣವಲ್ಲದೆ ಇನ್ನೇನು? ಮಜ್ಜಿಗೆ ಕುಡಿಸಿದರು, ನೆತ್ತಿಗೆ ಹರಳೆಣ್ಣೆ ತಟ್ಟಿದರು, ಮೊದಲಿಂದಲೂ ಅದು ಬಾಯಿ ಹಾಕುತ್ತಿದ್ದ ಹಳ್ಳಕ್ಕೇ, ತಂಪಾಗಲೆಂದು ದಿನಾ ಕರೆದೊಯ್ದು ನೀರು ಕುಡಿಸಿದರು. ಬೂದ ಸೊರಗುತ್ತಲೇ ಹೋಯಿತು. ಒಸಡು ಬಿಳುಚಿಕೊಂಡಿತು. ಒಂದು ಬೆಳಗ್ಗೆ ಎದ್ದು ನಿಲ್ಲಲಿಲ್ಲ.

ಆಸ್ಪತ್ರೆಗೆ ಒಯ್ಯೋಣವೆಂದರೆ ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ. ಕಾಫಿಗೆ ನಿಂತಿದ್ದ ಎಸ್ಟೇಟ್ ಜೀಪಿನ ತಿಮ್ಮಯ್ಯನೇ ಕರೆದ. "ಹತ್ತು ಗುರುಶಾಂತಕ್ಕ. ಮದುವೆ ಹೆಣ್ಣಿಗೆ ಹೊದಿಸ್ದಂಗೆ ಸೆರಗು ಹೊದಿಸ್ಬುಟ್ಟಿದ್ದೀಯಲ್ಲ!"

"ನಿನ್ನ ಮದ್ವೇಲಿ ನಿಮ್ಮವ್ವ ನಿಂಗೂ ಇಷ್ಟು ಜೋಪಾನ ಮಾಡಿರ್ನಿಲ್ಲ. ಸುಮ್ನೆ ನಡೆಸೋ ಮಾರಾಯ."

ಜೀಪು ಮಂಜಿನೊಳಗೆ ತೇಲಿತು. ತೋಟದ ಸಿಲ್ವರ್ ಓಕ್ ಮರಗಳು ಮೂಡಿದವು, ಕರಗಿದವು. ಲೋಕವೆಲ್ಲ ಬೂದನ ಬಣ್ಣವಾಗಿ, ಮಡಿಲ ಮೇಲಿನ ಭಾರವೊಂದೇ ನಿಜವಾಗಿ ಉಳಿದಿತ್ತು. ಆ ಭಾರ ಹಗುರಾಗದಿರಲಿ ಅಂದುಕೊಂಡಳು.

ಸಕಲೇಶಪುರದ ದನದ ಆಸ್ಪತ್ರೆಯ ಡಾಕ್ಟರು ಪುಷ್ಪಾ, ಇನ್ನೂ ಸಣ್ಣ ವಯಸ್ಸು. ಮೂಗಿಗೆ ಟಾರ್ಚು ಹಾಕಿ ನೋಡಿ ಕೇಳಿದಳು. "ಹಳ್ಳದ ನೀರು ಕುಡಿಸ್ತೀರಾ ಅಜ್ಜಿ?"

"ದಿನಾ ಕುಡಿಸ್ತೀನವ್ವ, ತಂಪಿಗೆ."

"ಅಲ್ಲೇ ಜಿಗಣೆ ಹತ್ತಿದೆ. ಮೂಗಿನೊಳಗೆ ಕೂತು ರಕ್ತ ಹೀರ್ತಿದೆ. ನಿಮ್ಮ ತಂಪೆಲ್ಲ ಅದಕ್ಕೇ ಉಪಚಾರ ಆಯ್ತು ನೋಡಿ." ಅಂದು ನಕ್ಕವಳ ನಗು ನಿಂತಿತು. "ಇನ್ನು ರಕ್ತ ಹೋದ್ರೆ ಇದು ಉಳಿಯಲ್ಲ. ತುಂಬ ಒಳಗಿದೆ, ಎಳೆಯೋಕಾಗಲ್ಲ. ಸಂಜೆವರೆಗೂ ಹನಿ ನೀರು ಕೊಡಬೇಡಿ. ಆಮೇಲೆ ನೀರು ತೋರಿಸಿದ್ರೆ ನೀರಿನಾಸೆಗೆ ಜಿಗಣೆ ತಾನಾಗೇ ಹೊರಗೆ ಬರುತ್ತೆ."

ಗುರುಶಾಂತಮ್ಮ ಬೂದನನ್ನು ಹಿಡಿದು ಆಸ್ಪತ್ರೆಯ ಜಗಲಿಯ ಮೇಲೆ ಕೂತಳು. ಅಂಗಳದ ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ರತಿ ಹನಿಗೂ ಬೂದನ ಕಿವಿ ಅಲುಗುತ್ತಿತ್ತು. ತಿಮ್ಮಯ್ಯ ಕಾಫಿ ತಂದರೆ, "ಇದ್ರ ಮುಂದೆ ಹೆಂಗೋ ಕುಡೀಲಿ?" ಅಂದಳು. ಬಿಸಿಲು ಹಣಕಿದಾಗ ಜೊಂಪು ಹತ್ತಿತು. ಕನಸಿನಲ್ಲಿ ಊರಿನ ಹಳ್ಳ ಸದ್ದಿಲ್ಲದೆ ಜಗಲಿಗೇ ಹರಿದು ಬಂತು. ಬೊಗಸೆಯೊಡ್ಡಿ ಬೂದನಿಗೆ ಕುಡಿಸಲು ಬಾಗಿದಳು. ಅಂಗೈಗೆ ಒಣ ನಾಲಿಗೆ ತಾಗಿ ಎಚ್ಚರವಾಯಿತು. ಬೂದ ಖಾಲಿ ಕೈ ನೆಕ್ಕುತ್ತಿತ್ತು. ಕಣ್ಣೊರೆಸಿಕೊಂಡು, ನಲ್ಲಿಯ ಸದ್ದು ಕೇಳದ ಹಿತ್ತಿಲ ಕಡೆಗೆ ಅದನ್ನು ಎತ್ತಿಕೊಂಡು ಹೋದಳು.

ಬಿಸಿಲು ಇಳಿದಾಗ ಪುಷ್ಪಾ ಬೇಸಿನ್ ತುಂಬ ನೀರಿಟ್ಟಳು. ಗುರುಶಾಂತಮ್ಮ ಬೂದನ ಮೂತಿ ನೀರಿಗೆ ಸೋಕಿಯೂ ಸೋಕದಂತೆ ಹಿಡಿದಳು. ಮೂಗಿನ ಹೊಳ್ಳೆಯಲ್ಲಿ ಕಪ್ಪನೆಯದೊಂದು ಇಣುಕಿ ಒಳಸರಿಯಿತು. ಮತ್ತೆ ಬಂತು, ನೀರಿಗೆ ಚಾಚಿತು. ಪುಷ್ಪಾ ಚಿಮಟದಲ್ಲಿ ಬಿಗಿಹಿಡಿದು ಮೆಲ್ಲಗೆ ಬಿಡಿಸಿದಳು.

"ಕುಡೀಲಿ ಬಿಡಿ ಅಜ್ಜಿ."

ಬೂದ ಬೇಸಿನ್ ಬರಿದು ಮಾಡಿತು.

ವಾಪಸು ಬರುವಾಗ ಮತ್ತೆ ಮಂಜು. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಉಸಿರು ನಿರಾಳವಾಗಿ ಹೋಗಿ ಬರುವುದನ್ನು ಕೇಳುತ್ತಿದ್ದಳು.

ಬಾಗಿಲಲ್ಲಿ ಪರಮಶಿವಯ್ಯ ಚೊಂಬು ಹಿಡಿದು ನಿಂತಿದ್ದ. "ಉಷ್ಣಕ್ಕೆ ಮಜ್ಜಿಗೆ ಕಡೆದಿಟ್ಟಿವ್ನಿ."

"ತಾ ಇಲ್ಲಿ," ಅಂದು, ದಿನವಿಡೀ ಹನಿ ನೀರು ಮುಟ್ಟದಿದ್ದ ಗುರುಶಾಂತಮ್ಮ ನಿಂತಲ್ಲೇ ಗಟಗಟ ಕುಡಿದುಬಿಟ್ಟಳು.